ಬೆಂಚಿನ ಮೇಲೆ ಸರಿ, ಫೀಲ್ಡಿಗೆ ಹೋದರೆ ಕೈಕೊಡುವ ಬೋರ್ಡ್: ಬಿಸಿ, ಚಳಿ, ನಡುಕ, ತೇವ ಕೊಟ್ಟು ದೋಷ ಹಿಡಿಯುವ ಬಗೆ

ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಪೆಟ್ಟಿಗೆ ವಾಪಸ್ ಬಂದಿದೆ. ಜೊತೆಗೆ ಒಂದು ಚೀಟಿ: "ಆಗಾಗ ನಿಲ್ಲುತ್ತದೆ." ಬೆಂಚಿನ ಮೇಲಿಟ್ಟು ಕರೆಂಟ್ ಕೊಟ್ಟರೆ ಇಡೀ ದಿನ ಸದ್ದಿಲ್ಲದೆ ಓಡುತ್ತದೆ. ಸಂಜೆ ಚೀಟಿಯ ಹಿಂದೆ "ದೋಷ ಕಂಡುಬಂದಿಲ್ಲ" ಎಂದು ಬರೆದು ಕಳಿಸುತ್ತೇವೆ. ಮೂರು ವಾರಕ್ಕೆ ಅದೇ ಪೆಟ್ಟಿಗೆ, ಅದೇ ಚೀಟಿ, ಈ ಸಲ ಅಕ್ಷರ ಸ್ವಲ್ಪ ದೊಡ್ಡದು.

ಬೆಂಚಿನಲ್ಲಿ ಏನಿದೆ ನೋಡಿ. 25 ಡಿಗ್ರಿ ಸೆಲ್ಸಿಯಸ್, ಒಣ ಗಾಳಿ, ಅಲುಗದ ಮೇಜು, ಏರಿಳಿತವಿಲ್ಲದ ಪವರ್ ಸಪ್ಲೈ. ಬೋರ್ಡಿಗೆ ಅದು ತವರುಮನೆ. ಅಲ್ಲಿ ಅದು ಯಾಕೆ ಮುನಿಸಿಕೊಳ್ಳುತ್ತದೆ? ಬಂದು ಹೋಗುವ ದೋಷವನ್ನು ಹಿಡಿಯಬೇಕಾದರೆ ಫೀಲ್ಡಿನ ಕಷ್ಟವನ್ನು ಬೆಂಚಿಗೆ ತರಬೇಕು. ಒಂದೊಂದಾಗಿ, ಮೆಲ್ಲಗೆ ಶುರುಮಾಡಿ, ಕಣ್ಣಿಟ್ಟುಕೊಂಡು. ತಾಪ, ತೇವ ಬೇಕಾದಂತೆ ಏರಿಳಿಸುವ ಚೇಂಬರ್ ದೊಡ್ಡದಿದ್ದರೆ ಸಾಕು ಎಂದು ಜಾಸ್ತಿ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಚೇಂಬರ್‌ಗಿಂತ ಕಾವಲು ಮುಖ್ಯ. ಬೋರ್ಡ್ ಆಫ್ ಇಟ್ಟು ಬಿಸಿ ಮಾಡಿ, ತಣ್ಣಗಾದ ಮೇಲೆ ಆನ್ ಮಾಡಿ ನೋಡುವುದು ಪರೀಕ್ಷೆಯಲ್ಲ, ಅಡುಗೆ.

ಮೊದಲು ಕೈ ಕಟ್ಟಿಕೊಳ್ಳಿ

ಪೆಟ್ಟಿಗೆ ಬಂದ ಕೂಡಲೇ ಮುಚ್ಚಳ ಬಿಚ್ಚಿ, ಕನೆಕ್ಟರ್ ಎಳೆದು ಮತ್ತೆ ಒತ್ತಿ, ಬ್ರಷ್‌ನಲ್ಲಿ ಧೂಳು ಹೊಡೆದು ಆನ್ ಮಾಡುವುದು ನಮ್ಮೆಲ್ಲರ ಚಾಳಿ. ಅಲ್ಲೇ ಸಾಕ್ಷಿ ಹೋಯಿತು. ತವರದ ಲೇಪನವಿರುವ ಪಿನ್‌ಗಳು ಸಣ್ಣ ನಡುಕಕ್ಕೆ ಮೈಕ್ರಾನ್‌ಗಳ ಲೆಕ್ಕದಲ್ಲಿ ಅತ್ತಿತ್ತ ಉಜ್ಜಿಕೊಂಡು, ನಡುವೆ ಕಪ್ಪು ಆಕ್ಸೈಡ್ ಪುಡಿ ಸೇರಿಸಿಕೊಳ್ಳುತ್ತವೆ. ಇದಕ್ಕೆ ಫ್ರೆಟಿಂಗ್ ಎನ್ನುತ್ತಾರೆ. ಒಮ್ಮೆ ಕಳಚಿ ಹಾಕಿದರೆ ಪುಡಿ ಒರೆಸಿಹೋಗುತ್ತದೆ, ದೋಷ ಮಾಯ. ಕೆಲವು ತಿಂಗಳಿಗೆ ಮತ್ತೆ ಹಾಜರ್.

ಆದ್ದರಿಂದ ಮೊದಲು ಫೋಟೊ ತೆಗೆಯಿರಿ. ಕಳಚುವ ಮುಂಚೆಯೇ ಅನುಮಾನವಿರುವ ಕನೆಕ್ಟರ್‌ನ ಆಚೀಚೆಗೆ ನಾಲ್ಕು ವೈರಿನ ವಿಧಾನದಲ್ಲಿ (ಅಳೆಯುವ ವೈರಿನ ತಡೆ ಸೇರದ ಹಾಗೆ) ಮಿಲಿಓಮ್ ಅಳೆದು ಬರೆದಿಡಿ. ಸ್ಕ್ರೂ ಸಡಿಲವಿದೆಯಾ, ಯಾವುದಾದರೂ ಕೇಬಲ್ ಎಳೆದು ಕಟ್ಟಿದ್ದಾರಾ, ಮೂಲೆಯಲ್ಲಿ ನೀರಿನ ಕಲೆ ಇದೆಯಾ ನೋಡಿ. ಕೈ ಆಮೇಲೆ.

ಇನ್ನೊಂದು ಕೆಲಸ, ಪೆಟ್ಟಿಗೆ ಬಿಚ್ಚಿ ಕಳಿಸಿದವರಿಗೆ ಫೋನ್ ಮಾಡುವುದು. ಚೀಟಿಯಲ್ಲಿ ಇಲ್ಲದ್ದು ಮಾತಿನಲ್ಲಿ ಸಿಗುತ್ತದೆ. ಹೊರಗೆ ಕಂಬದ ಮೇಲೆ ಕೂತಿದ್ದ ಒಂದು ಕಂಟ್ರೋಲರ್ ಮೂರನೇ ಸಲ ವಾಪಸ್ ಬಂದಾಗ ನಾನು ಕೇಳಿದೆ:

"ಎಷ್ಟು ಹೊತ್ತಿಗೆ ನಿಲ್ಲುತ್ತೆ ಅಂತ ಗಮನಿಸಿದ್ದೀರಾ?"

"ಬೆಳಿಗ್ಗೆ ಏಳೂವರೆ ಆಸುಪಾಸು ಸರ್. ಎಂಟೂಕಾಲಿಗೆ ತಾನೇ ಸರಿಹೋಗುತ್ತೆ. ನಾವು ಹೋಗಿ ಬಾಗಿಲು ತೆಗೆಯೋ ಹೊತ್ತಿಗೆ ಏನೂ ಇರಲ್ಲ."

"ಮೋಡ ಇದ್ದ ದಿನ?"

ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಸರ್. ಮೋಡ ಇದ್ದ ದಿನ ನಿಂತಿದ್ದು ನೆನಪಿಲ್ಲ."

ಅರ್ಧ ಕೆಲಸ ಅಲ್ಲೇ ಮುಗಿಯಿತು. ಅದು ಬಿಸಿಯ ದೋಷವಲ್ಲ, ಯಾಕೆಂದರೆ ಮಧ್ಯಾಹ್ನ ಇನ್ನೂ ಬಿಸಿ. ಚಳಿಯದ್ದೂ ಅಲ್ಲ, ಬೆಳಗಿನ ಜಾವ ಇನ್ನೂ ಚಳಿ. ಬಿಸಿಲು ಬಿದ್ದು ಪೆಟ್ಟಿಗೆ ಬೇಗ ಬೇಗ ಕಾಯುವಾಗ ಮಾತ್ರ. ಅಂದರೆ ತಾಪ ಎಷ್ಟಿದೆ ಎನ್ನುವುದಲ್ಲ, ಅದು ಬದಲಾಗುತ್ತಿದೆ ಎನ್ನುವುದೇ ಕಾರಣ.

ಲಕ್ಷಣ ನೋಡಿ ಒತ್ತಡ ಆರಿಸುವುದು

ಎಲ್ಲ ಒತ್ತಡವನ್ನೂ ಒಟ್ಟಿಗೆ ಹಾಕಿದರೆ ಏನಾದರೂ ಒಂದು ಮುರಿಯುತ್ತದೆ, ಆದರೆ ನೀವು ಹುಡುಕುತ್ತಿದ್ದದ್ದೇ ಮುರಿಯಿತು ಎಂದು ಹೇಗೆ ಹೇಳುತ್ತೀರಿ? ಮೊದಲು ಲಕ್ಷಣ.

- ಚಳಿಯಲ್ಲಿ ಶುರುವಾಗುವುದಿಲ್ಲ, ಶುರುವಾದರೆ ಆಮೇಲೆ ತೊಂದರೆಯಿಲ್ಲ: ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಕ್ರಿಸ್ಟಲ್, ಪವರ್ ಸಪ್ಲೈ ಏಳುವ ಹೊತ್ತು. ಚಳಿಗೆ ಎಲೆಕ್ಟ್ರೊಲಿಟಿಕ್‌ನ ಒಳತಡೆ ಹಲವು ಪಟ್ಟು ಏರುತ್ತದೆ. ಅಗ್ಗದ ವೈ5ವಿ ದರ್ಜೆಯ ಸೆರಾಮಿಕ್ ಕೆಪಾಸಿಟರ್ ಹಾಕಿದ್ದರೆ −30 ಡಿಗ್ರಿಯಿಂದ 85 ಡಿಗ್ರಿವರೆಗಿನ ಹರವಿನಲ್ಲಿ ಅದರ ಧಾರಣೆ 82 ಶೇಕಡಾದಷ್ಟು ಬೀಳಬಹುದು. ಎಕ್ಸ್7ಆರ್ ದರ್ಜೆಯದ್ದಾದರೆ −55ರಿಂದ 125ರವರೆಗೆ ಹೆಚ್ಚೆಂದರೆ 15 ಶೇಕಡಾ.
- ಆನ್ ಮಾಡಿ ಇಪ್ಪತ್ತು ನಿಮಿಷಕ್ಕೆ ಕೈಕೊಡುತ್ತದೆ: ಒಳಗಿನ ಬಿಸಿ. ರೆಗ್ಯುಲೇಟರ್, ಹೀಟ್‌ಸಿಂಕ್, ಒಣಗಿದ ಥರ್ಮಲ್ ಪೇಸ್ಟ್.
- ತಾಪ ಏರುವಾಗ ಅಥವಾ ಇಳಿಯುವಾಗ ಮಾತ್ರ: ಬಿರುಕು. ಬೆಸುಗೆಯಲ್ಲಿ, ವಯಾದಲ್ಲಿ (ಬೋರ್ಡಿನ ಪದರಗಳನ್ನು ಜೋಡಿಸುವ, ತಾಮ್ರ ಲೇಪಿಸಿದ ತೂತು), ಕೆಲವೊಮ್ಮೆ ಚಿಪ್ ಒಳಗೇ.
- ಗಾಡಿ ಓಡುವಾಗ, ಮೋಟರ್ ತಿರುಗುವಾಗ: ಕನೆಕ್ಟರ್, ಭಾರವಾದ ಕಾಯಿಲ್, ಎತ್ತರದ ಕೆಪಾಸಿಟರ್‌ನ ಕಾಲು.
- ಮಳೆಯ ನಂತರ, ಇಬ್ಬನಿ ಬಿದ್ದ ಬೆಳಿಗ್ಗೆ: ಸೋರಿಕೆ. ಫ್ಲಕ್ಸ್ (ಬೆಸುಗೆಗೆ ಹಚ್ಚುವ ರಾಸಾಯನಿಕ) ಉಳಿಕೆಯ ಮೇಲೆ ಕಣ್ಣಿಡಿ.

ಸುಮ್ನೆ ಪಟ್ಟಿ ನೋಡಿ ಭಾಗ ಬದಲಾಯಿಸಬೇಡಿ. ಯಾವ ಒತ್ತಡದಿಂದ ಶುರುಮಾಡಬೇಕು ಎನ್ನುವುದಕ್ಕೆ ಮಾತ್ರ ಈ ಪಟ್ಟಿ.

ಕಾವಲು

ದೋಷ ಬರುವುದು ಎಷ್ಟು ಹೊತ್ತು? ಬಿರುಕು ಬಿಟ್ಟ ಬೆಸುಗೆ ನಡುಕಕ್ಕೆ ತೆರೆದು ಮುಚ್ಚುವುದು ಮೈಕ್ರೊಸೆಕೆಂಡ್‌ಗಳಲ್ಲಿ. ಕನೆಕ್ಟರ್ ಪರೀಕ್ಷೆಗಳಲ್ಲಿ 1 ಮೈಕ್ರೊಸೆಕೆಂಡ್ ಕಡಿತವನ್ನೂ ಸೋಲು ಎಂದೇ ಎಣಿಸುವುದು ಸಾಮಾನ್ಯ. ಮಲ್ಟಿಮೀಟರ್ ಸೆಕೆಂಡಿಗೆ ಕೆಲವೇ ಸಲ ಅಳೆಯುತ್ತದೆ. ಸೆಕೆಂಡಿಗೊಮ್ಮೆ ಬರೆಯುವ ಲಾಗರ್ ಕೂಡ ಇಂಥದ್ದಕ್ಕೆ ಕುರುಡೇ.

ನಾನು ಇಡುವ ಕಾವಲು ಹೀಗೆ. 3.3 ವೋಲ್ಟ್ ಲೈನಿಗೆ ಆಸಿಲೋಸ್ಕೋಪ್, 3.0ಕ್ಕಿಂತ ಕೆಳಗೆ ಬಿದ್ದರೆ ಟ್ರಿಗರ್, ಒಂದೇ ಸಲಕ್ಕೆ ನಿಲ್ಲುವ ಹಾಗೆ. ರೀಸೆಟ್ ಪಿನ್ನಿಗೆ ಇನ್ನೊಂದು ಚಾನೆಲ್. ಫರ್ಮ್‌ವೇರ್ ನಿಮ್ಮ ಕೈಯಲ್ಲಿದ್ದರೆ ಏಳುವಾಗಲೇ ರೀಸೆಟ್ ಕಾರಣ ಇರುವ ರಿಜಿಸ್ಟರ್ ಓದಿ ಸೀರಿಯಲ್ ಪೋರ್ಟಿನಲ್ಲಿ ಹೊರಗೆ ಕಳಿಸಿ. ಬ್ರೌನ್‌ಔಟ್ (ವೋಲ್ಟೇಜ್ ಬಿದ್ದದ್ದು), ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಹಾಕಿಕೊಂಡದ್ದು), ರೀಸೆಟ್ ಪಿನ್, ಮೂರರಲ್ಲಿ ಯಾವುದು ಎಂದು ಗೊತ್ತಾದರೆ ಹುಡುಕುವ ಜಾಗ ಮೂರರಲ್ಲಿ ಒಂದಾಗುತ್ತದೆ. ಇಷ್ಟು ಸುಲಭದ ಕೆಲಸವನ್ನು ಯಾಕೆ ಎಷ್ಟೋ ಬೋರ್ಡ್‌ಗಳಲ್ಲಿ ಮಾಡಿರುವುದಿಲ್ಲವೋ ನನಗಂತೂ ಗೊತ್ತಿಲ್ಲ.

ಲೋಡ್ ನಿಜದ್ದೇ ಇರಲಿ. ರಿಲೇ ಬಡಿಯಬೇಕಾದ ಬೋರ್ಡ್ ಸುಮ್ನೆ ಕೂತು ಎಲ್‌ಇಡಿ ಮಿಟುಕಿಸುತ್ತಿದ್ದರೆ ನೀವು ಬೇರೆ ಯಂತ್ರವನ್ನು ಪರೀಕ್ಷಿಸುತ್ತಿದ್ದೀರಿ.

ಪಕ್ಕದಲ್ಲಿ ಒಂದು ಒಳ್ಳೆಯ ಬೋರ್ಡನ್ನೂ ಇಡಿ, ಅದೇ ಒತ್ತಡ, ಅದೇ ಕಾವಲು. ಇದನ್ನು ನಾನು ಕಲಿತದ್ದು ಎರಡು ದಿನ ಕಳೆದುಕೊಂಡು. ಚೇಂಬರ್‌ನ ಪಕ್ಕದ ತೂತಿನಲ್ಲಿ ಹಾಯಿಸಿದ್ದ ನನ್ನದೇ ಪರೀಕ್ಷಾ ಕೇಬಲ್ ಚಳಿಗೆ ಸೆಟೆದು, ಪ್ಲಗ್ಗನ್ನು ಕೂದಲೆಳೆಯಷ್ಟು ಎಳೆಯುತ್ತಿತ್ತು. −15ಕ್ಕೆ ಸರಿಯಾಗಿ ದೋಷ! ಎಷ್ಟು ಖುಷಿಪಟ್ಟಿದ್ದೆ. ಒಳ್ಳೆಯ ಬೋರ್ಡಿಗೆ ಅದೇ ಕೇಬಲ್ ಹಾಕಿದಾಗ ಅದೂ −15ಕ್ಕೇ ನಿಂತಿತು.

ಚೇಂಬರ್‌ಗೆ ಮುಂಚೆ: ಬಿಸಿಗಾಳಿ, ತಣ್ಣನೆ ಸ್ಪ್ರೇ

ಹೇರ್ ಡ್ರೈಯರ್ ಮತ್ತು ಫ್ರೀಜ್ ಸ್ಪ್ರೇ ಅರ್ಧ ಗಂಟೆಯಲ್ಲಿ ಬೋರ್ಡಿನ ಯಾವ ಮೂಲೆ ಎಂದು ತೋರಿಸಿಬಿಡುತ್ತವೆ. ರಟ್ಟಿನಲ್ಲಿ ಸಣ್ಣ ಕಿಂಡಿ ಕತ್ತರಿಸಿ, ಆ ಕಿಂಡಿಯ ಜಾಗಕ್ಕಷ್ಟೇ ಗಾಳಿ ಹೋಗುವ ಹಾಗೆ ಹಿಡಿಯಿರಿ. ಇಡೀ ಬೋರ್ಡಿಗೆ ಊದಿದರೆ ಏನೂ ತಿಳಿಯುವುದಿಲ್ಲ.

ಸ್ಪ್ರೇ ವಿಷಯದಲ್ಲಿ ಮೂರು ಎಚ್ಚರ. ಭಾಗವನ್ನು ಸೊನ್ನೆಗಿಂತ ಎಷ್ಟೋ ಕೆಳಕ್ಕೆ ಕ್ಷಣದಲ್ಲಿ ಇಳಿಸುತ್ತದೆ, ಬಿಸಿಯಿರುವ ಸೆರಾಮಿಕ್ ಭಾಗಕ್ಕೆ ಒಮ್ಮೆಗೇ ಹೊಡೆದರೆ ಹೊಸ ಬಿರುಕು ನೀವೇ ಮಾಡಿದ ಹಾಗೆ. ಸಿಡಿಯುವ ಸ್ಪ್ರೇ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಅದಕ್ಕೆಂದೇ ಮಾಡಿದ ಕ್ಯಾನ್ ಬಳಸಿ. ಮೂರನೆಯದು, ಸ್ಪ್ರೇ ಬಿದ್ದಲ್ಲಿ ಗಾಳಿಯ ತೇವ ಹಿಮವಾಗಿ ಕೂತು ಆಮೇಲೆ ನೀರಾಗುತ್ತದೆ. ದೋಷ ತಣ್ಣಗಾದಾಗ ಬಂತಾ, ಹಿಮ ಕರಗಿ ನೀರಾದಾಗ ಬಂತಾ? ಭಾಗ ಮತ್ತೆ ಬಿಸಿಯಾದ ಮೇಲೂ ದೋಷ ಉಳಿದು, ಒಣಗಿದ ಮೇಲೆ ಹೋದರೆ ಕಳ್ಳ ಚಳಿಯಲ್ಲ, ತೇವ.

ಚೇಂಬರ್

ಮೊದಲು ಭಾಗಗಳ ಮಿತಿ ಬರೆದುಕೊಳ್ಳಿ. ಸಾಮಾನ್ಯ ದರ್ಜೆಯ ಚಿಪ್ 0ರಿಂದ 70 ಡಿಗ್ರಿ, ಕೈಗಾರಿಕಾ ದರ್ಜೆ −40ರಿಂದ 85. ಬೋರ್ಡಿನಲ್ಲಿ ಒಂದೇ ಒಂದು ಸಾಮಾನ್ಯ ದರ್ಜೆಯ ಚಿಪ್ ನುಸುಳಿದ್ದರೂ ಸರಪಳಿ ಅಲ್ಲೇ ಕಡಿಯುತ್ತದೆ. ಖರೀದಿಯಲ್ಲಿ ಬದಲಿ ಭಾಗ ಬಂದಿದೆಯಾ ಎಂದು ಕೇಳಿ.

ತಾಪ ಅಳೆಯುವ ಥರ್ಮೋಕಪಲ್ಲನ್ನು ಬೋರ್ಡಿಗೆ ಅಂಟಿಸಿ, ಗಾಳಿಯಲ್ಲಿ ನೇತುಹಾಕಬೇಡಿ. ಚೇಂಬರ್ ಪರದೆ ತೋರಿಸುವುದು ಗಾಳಿಯ ತಾಪ. ಬೋರ್ಡ್ ಅದರ ಹಿಂದೆ ನಿಧಾನಕ್ಕೆ ಬರುತ್ತದೆ, ಮುಚ್ಚಿದ ಪೆಟ್ಟಿಗೆಯಾದರೆ ಇನ್ನೂ ನಿಧಾನ.

ಮೊದಲ ಸುತ್ತು ಮೆಟ್ಟಿಲು ಮೆಟ್ಟಿಲಾಗಿ. ಕೋಣೆಯ ತಾಪದಿಂದ 10 ಡಿಗ್ರಿ ಇಳಿಸಿ, ಬೋರ್ಡಿನ ತಾಪ ನಿಂತ ಮೇಲೆ ಹತ್ತು ನಿಮಿಷ ಬಿಡಿ. ಪ್ರತಿ ಮೆಟ್ಟಿಲಲ್ಲಿ ಕೆಲವು ಸಲ ಆಫ್ ಮಾಡಿ ಆನ್ ಮಾಡಿ. ತೀರ ಕೆಳಗಿನ ಮೆಟ್ಟಿಲಲ್ಲಿ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಟ್ಟು ಆಮೇಲೆ ಆನ್ ಮಾಡಿ, ಓಡುತ್ತಿರುವ ಬೋರ್ಡ್ ತನ್ನನ್ನು ತಾನೇ ಬೆಚ್ಚಗಿಟ್ಟುಕೊಂಡು ನಿಮಗೆ ಮೋಸ ಮಾಡುತ್ತದೆ. ಆಮೇಲೆ ಬಿಸಿಯ ಕಡೆಗೆ ಅದೇ ಹೆಜ್ಜೆ.

ಎಲ್ಲ ಮೆಟ್ಟಿಲೂ ದಾಟಿತು, ದೋಷವಿಲ್ಲ ಅಂದರೆ ವೋಲ್ಟೇಜನ್ನೂ ಜೊತೆಗೆ ಸೇರಿಸಿ. ಬಿಸಿಯಲ್ಲಿ ಕಡಿಮೆ ವೋಲ್ಟೇಜ್, ಬಿಸಿಯಲ್ಲಿ ಜಾಸ್ತಿ, ಚಳಿಯಲ್ಲಿ ಕಡಿಮೆ, ಚಳಿಯಲ್ಲಿ ಜಾಸ್ತಿ. ನಾಲ್ಕು ಮೂಲೆ. ಟೈಮಿಂಗ್ ಅಂಚಿನಲ್ಲಿ ನಿಂತ ಲಾಜಿಕ್ ಸಾಮಾನ್ಯವಾಗಿ ಬಿಸಿ ಮತ್ತು ಕಡಿಮೆ ವೋಲ್ಟೇಜಿನ ಮೂಲೆಯಲ್ಲಿ ಬೀಳುತ್ತದೆ.

ಕಂಬದ ಕಂಟ್ರೋಲರ್ ಇದೆಲ್ಲವನ್ನೂ ದಾಟಿತು. ನಿರೀಕ್ಷಿಸಿದ್ದೇ. ಅದಕ್ಕೆ ಬೇಕಾದದ್ದು ಏರಿಕೆ. ಚೇಂಬರನ್ನು 5 ಡಿಗ್ರಿಯಿಂದ 45ಕ್ಕೆ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿದೆ, ಮತ್ತೆ ಇಳಿಸಿದೆ. ಎರಡನೇ ಏರಿಕೆಯಲ್ಲಿ ಬೋರ್ಡ್ 19 ಡಿಗ್ರಿಯಲ್ಲಿದ್ದಾಗ ಸ್ಕೋಪ್ ಹಿಡಿಯಿತು. ಮೂರನೇ ಏರಿಕೆಯಲ್ಲಿ 21ಕ್ಕೆ. ಇಳಿಕೆಯಲ್ಲಿ ಒಮ್ಮೆಯೂ ಇಲ್ಲ. ನಿಂತ ತಾಪದಲ್ಲಿ ಒಮ್ಮೆಯೂ ಇಲ್ಲ.

ಕಾರಣ ಕರೆಂಟ್ ಅಳೆಯುವ 2512 ಗಾತ್ರದ ರೆಸಿಸ್ಟರ್. ಇದರ ಮೈ ಅಲ್ಯುಮಿನಾ ಎಂಬ ಸೆರಾಮಿಕ್, ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ ಸುಮಾರು 7 ಪಾಲು ಹಿಗ್ಗುತ್ತದೆ. ಕೆಳಗಿನ ಎಫ್‌ಆರ್4 (ಗಾಜಿನ ನಾರು ಮತ್ತು ರಾಳದ) ಬೋರ್ಡ್ ಸುಮಾರು 15 ಪಾಲು. ರೆಸಿಸ್ಟರ್‌ನ ಉದ್ದ 6.3 ಮಿಲಿಮೀಟರ್. 20 ಡಿಗ್ರಿ ಏರಿದರೆ ಎರಡರ ನಡುವಿನ ಜಗಳ ಸುಮಾರು ಒಂದು ಮೈಕ್ರಾನ್. ಕೂದಲಿನ ದಪ್ಪಕ್ಕೆ ಹೋಲಿಸಿದರೆ ಏನೂ ಅಲ್ಲ. ಆದರೆ ಈ ಜಗಳ ದಿನಾ ಬೆಳಿಗ್ಗೆ ಸಂಜೆ ನಡೆದು ಬೆಸುಗೆ ದಣಿದಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ತುದಿಯ ಬೆಸುಗೆಯ ಬುಡದಲ್ಲಿ ಪೆನ್ಸಿಲ್ ಗೆರೆಯಂಥ ಬೂದು ಬಿರುಕು, ಮೂರು ಕಡೆ ಸುತ್ತಿಕೊಂಡಿತ್ತು. ಮರದ ಹಲ್ಲುಕಡ್ಡಿಯಲ್ಲಿ ಒತ್ತಿದರೆ ಗೆರೆಯ ಮೇಲಿನ ಹೊಳಪು ಸರಿಯುತ್ತಿತ್ತು. ಮೀಟರ್ ಇಟ್ಟರೆ ಮಾತ್ರ ಅಚ್ಚುಕಟ್ಟಾದ ಓದು.

ಹಾಗಾದರೆ 45ರಲ್ಲಿ ಯಾಕೆ ಸರಿಹೋಗುತ್ತಿತ್ತು? ನನ್ನ ಊಹೆ ಇದು: ವೇಗವಾಗಿ ಕಾಯುವಾಗ ಬೋರ್ಡಿನ ಎರಡು ಮುಖದ ತಾಪ ಒಂದೇ ಇರುವುದಿಲ್ಲ, ಬೋರ್ಡ್ ತುಸು ಬಾಗುತ್ತದೆ, ಬಿರುಕು ಬಾಯಿ ಬಿಡುತ್ತದೆ. ತಾಪ ಸಮವಾದಾಗ ಬಾಗು ಹೋಗಿ ಬಿರುಕಿನ ಎರಡು ದಡ ಮತ್ತೆ ತಾಗುತ್ತವೆ. ಬೋರ್ಡಿಗೆ ಒಂದೇ ಕಡೆಯಿಂದ ಬಿಸಿಗಾಳಿ ಊದಿದಾಗಲೂ ಅದೇ ದೋಷ ಬಂದದ್ದು ಈ ಊಹೆಗೆ ಬಲ.

ವಯಾ ಬಿರುಕಿನ ನಡತೆ ಬೇರೆ. ಬೋರ್ಡ್ ದಪ್ಪದ ದಿಕ್ಕಿನಲ್ಲಿ ತಾಮ್ರಕ್ಕಿಂತ ಮೂರು ನಾಲ್ಕು ಪಟ್ಟು ಹಿಗ್ಗುತ್ತದೆ. ಬಿಸಿಯಾದಂತೆ ವಯಾದ ತಾಮ್ರದ ಕೊಳವೆಯನ್ನು ಮೇಲೆ ಕೆಳಗೆ ಎಳೆಯುತ್ತದೆ. ಆದ್ದರಿಂದ ಬಿಸಿಯಲ್ಲಿ ಕಡಿದು ತಣ್ಣಗಾದಾಗ ಕೂಡುವ ದೋಷ, ಅದೂ ಬಿಸಿ ಇರುವಷ್ಟು ಹೊತ್ತೂ ನಿಲ್ಲುವಂಥದ್ದು ಕಂಡರೆ ವಯಾ ನೋಡಿ.

ಒಂದು ಪ್ರಾಯೋಗಿಕ ಮಾತು. ಚಳಿಯಲ್ಲಿದ್ದಾಗ ಬಾಗಿಲು ತೆಗೆಯಬೇಡಿ. ಕೋಣೆ 25 ಡಿಗ್ರಿ, ತೇವಾಂಶ 60 ಶೇಕಡಾ ಇದ್ದರೆ ಸುಮಾರು 17 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕೂರುತ್ತದೆ. ಪರೀಕ್ಷೆಯನ್ನು ಯಾವಾಗಲೂ ಬಿಸಿಯ ಕಡೆ ಮುಗಿಸಿ, ಆಮೇಲೆ ಬಾಗಿಲು.

ನಡುಕ

ಶೇಕರ್ (ನಡುಕ ಕೊಡುವ ಯಂತ್ರ) ಹತ್ತುವ ಮುಂಚೆ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಬೋರ್ಡನ್ನು ಮೆಲ್ಲಗೆ ತಟ್ಟಿ. ಕೇಬಲ್ ಒಂದೊಂದಾಗಿ ಅಲುಗಿಸಿ. ಎರಡು ಮೂಲೆ ಹಿಡಿದು ಕಾಣದಷ್ಟು ತಿರುಚಿ. ಕಾವಲು ಸರಿಯಿದ್ದರೆ ಲೂಸ್ ಕಾಂಟ್ಯಾಕ್ಟ್‌ಗಳಲ್ಲಿ ಎಷ್ಟೋ ಇಲ್ಲೇ ಸಿಗುತ್ತವೆ.

ಶೇಕರ್ ಇದ್ದರೆ ಮೊದಲು ಕಡಿಮೆ ಬಲದ ಸೈನ್ ಸ್ವೀಪ್, ಅಂದರೆ ಒಂದು ಸಲಕ್ಕೆ ಒಂದೇ ಹರ್ಟ್ಸ್‌ನ ನಡುಕ, ಮೆಲ್ಲಗೆ ಏರಿಸುತ್ತಾ. ಅರ್ಧ ಜಿ ಸಾಕು (ಜಿ ಎಂದರೆ ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷ), 10ರಿಂದ 500 ಹರ್ಟ್ಸ್. ಬೋರ್ಡಿನ ನಡುವೆ ಹಗುರವಾದ ಆಕ್ಸೆಲರೋಮೀಟರ್ ಅಂಟಿಸಿ. ಯಾವ ಹರ್ಟ್ಸ್‌ನಲ್ಲಿ ಬೋರ್ಡ್ ಕುಣಿಯುತ್ತದೆ ನೋಡಿ. ಅನುರಣನದಲ್ಲಿ ಕೆಳಗೆ ಕೊಟ್ಟ ಅರ್ಧ ಜಿ ಬೋರ್ಡಿನ ನಡುವೆ 5 ಜಿ, 10 ಜಿ ಆಗುವುದು ಅಪರೂಪವಲ್ಲ. ಫೀಲ್ಡಿನ ಯಂತ್ರ ತಿರುಗುವ ವೇಗ ಆ ಹರ್ಟ್ಸ್‌ಗೆ ಹತ್ತಿರವಿದ್ದರೆ ಹುಡುಕಾಟ ಬಹುತೇಕ ಮುಗಿಯಿತು.

ಆಮೇಲೆ ರ್‍ಯಾಂಡಮ್. ಎಲ್ಲ ಹರ್ಟ್ಸ್ ಒಟ್ಟಿಗೆ ಬೆರೆತ ನಡುಕ. ಎಷ್ಟು ಬಲ? ಅಮೆರಿಕದ ನೌಕಾಪಡೆ 1979ರಲ್ಲಿ ಹೊರತಂದ ನ್ಯಾವ್‌ಮ್ಯಾಟ್ ಪಿ-9492 ಕೈಪಿಡಿಯ ಗೆರೆಯನ್ನು ಇವತ್ತಿಗೂ ಜನ ಕಣ್ಣುಮುಚ್ಚಿ ನಕಲು ಮಾಡುತ್ತಾರೆ: 80ರಿಂದ 350 ಹರ್ಟ್ಸ್ ನಡುವೆ ಪ್ರತಿ ಹರ್ಟ್ಸ್‌ಗೆ 0.04 ಜಿ ವರ್ಗ, ಒಟ್ಟು ಸುಮಾರು 6 ಜಿ ಆರ್‌ಎಂಎಸ್ (ಒಂದು ಬಗೆಯ ಸರಾಸರಿ). ಅದು ತಯಾರಿಕೆಯಲ್ಲಿ ದೋಷ ಹೊರಗೆಡಹಲು ಹೇಳಿದ್ದು. ಫೀಲ್ಡಿನಿಂದ ಬಂದ, ಈಗಾಗಲೇ ಅರ್ಧ ಆಯಸ್ಸು ಸವೆದ ನಿಮ್ಮ ಬೋರ್ಡಿಗೆ ಅದು ಜಾಸ್ತಿಯಾಗಬಹುದು. 1 ಜಿಯಿಂದ ಶುರುಮಾಡಿ, ಐದು ನಿಮಿಷಕ್ಕೊಮ್ಮೆ ಏರಿಸಿ, ಒಟ್ಟು ನಿಮಿಷ ಬರೆದಿಡಿ. ನಡುಕದ ದಣಿವು ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ, ವಿಶ್ರಾಂತಿ ಕೊಟ್ಟರೆ ಹೋಗುವಂಥದ್ದಲ್ಲ.

ತೇವ

ಇಲ್ಲಿ ಮೊದಲ ಉಪಕರಣ ನಿಮ್ಮ ಬಾಯಿ. ಬೋರ್ಡಿನಲ್ಲಿ ಹೈ ವೋಲ್ಟೇಜ್ ಏನೂ ಇಲ್ಲ ಎಂದು ಖಚಿತಪಡಿಸಿಕೊಂಡು, ಅನುಮಾನದ ಜಾಗಕ್ಕೆ ಕನ್ನಡಕ ಒರೆಸುವಾಗ ಮಾಡುವ ಹಾಗೆ "ಹಾ" ಎಂದು ಉಸಿರು ಬಿಡಿ. ಮೆಗಾಓಮ್ ರೆಸಿಸ್ಟರ್‌ಗಳಿರುವ ಜಾಗದಲ್ಲಿ ಓದು ಜಿಗಿದು, ಆರು ಏಳು ಸೆಕೆಂಡಿಗೆ ಮೆಲ್ಲಗೆ ವಾಪಸ್ ಬಂದರೆ ಅಲ್ಲಿ ಸೋರಿಕೆ ಇದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಆ ಜಾಗ ತೊಳೆದು, ಪೂರ್ತಿ ಒಣಗಿಸಿ, ಮತ್ತೆ ಉಸಿರು. ಓದು ಜಿಗಿಯಲಿಲ್ಲವಾದರೆ ಫ್ಲಕ್ಸ್ ಉಳಿಕೆಯೇ ಆರೋಪಿ. ಮೇಲೆ ಕೋಟಿಂಗ್ ಬಳಿದಿದ್ದರೆ ಖುಷಿಪಡಬೇಡಿ, ಕೊಳಕನ್ನು ಒಳಗಿಟ್ಟು ಬಳಿದಿರಬಹುದು.

ಚೇಂಬರ್‌ನಲ್ಲಾದರೆ 40 ಡಿಗ್ರಿ, 93 ಶೇಕಡಾ ತೇವಾಂಶ, ಐಇಸಿ 60068-2-78ರಲ್ಲಿ ಇರುವ ಹಾಗೆ. 85 ಡಿಗ್ರಿ, 85 ಶೇಕಡಾ ಎನ್ನುವುದು ಭಾಗಗಳ ಆಯಸ್ಸು ಪರೀಕ್ಷಿಸುವವರದ್ದು, ದೋಷ ಹುಡುಕುವವರಿಗೆ ಬೇಡ.

ಸಿಕ್ಕಿತು. ಅದೇನಾ?

ಬಿರುಕು ಕಂಡಿತು, ಬೆಸುಗೆ ಹಾಕಿದೆವು, ಬೋರ್ಡ್ ಓಡಿತು. ಇಲ್ಲಿಗೆ ಮುಗಿಸುವ ಆಸೆ ಎಲ್ಲರಿಗೂ. ಆದರೆ ಮೂರು ಪ್ರಶ್ನೆ ಉಳಿದಿವೆ. ಅದೇ ಏರಿಕೆಯನ್ನು ಹತ್ತು ಸಲ ಕೊಟ್ಟರೂ ದೋಷ ಬರುವುದಿಲ್ಲವಾ? ಹಳೇ ಭಾಗವನ್ನೋ ಹಳೇ ಕೇಬಲನ್ನೋ ವಾಪಸ್ ಹಾಕಲು ಸಾಧ್ಯವಿದ್ದರೆ, ಹಾಕಿದಾಗ ಮತ್ತೆ ಬರುತ್ತದಾ? ಮತ್ತು ಬೆಂಚಿನ ಮೇಲೆ ಕಂಡ ಲಕ್ಷಣ ಫೀಲ್ಡಿನ ಲಕ್ಷಣದ್ದೇ ತದ್ರೂಪಾ? ಫೀಲ್ಡಿನಲ್ಲಿ ಬ್ರೌನ್‌ಔಟ್, ನಿಮ್ಮಲ್ಲಿ ವಾಚ್‌ಡಾಗ್ ಆದರೆ ನೀವು ಬೇರೆ ಯಾರನ್ನೋ ಹಿಡಿದಿದ್ದೀರಿ.

ಅದೇ ಬ್ಯಾಚಿನ ಇನ್ನೂ ಕೆಲವು ಬೋರ್ಡ್‌ಗಳನ್ನು ಅದೇ ಒತ್ತಡಕ್ಕೆ ಹಾಕಿ. ಎಲ್ಲವೂ ಒಂದೇ ತಾಪದ ಹತ್ತಿರ ಬಿದ್ದರೆ ಅದು ವಿನ್ಯಾಸದ ತಪ್ಪು. ಇಪ್ಪತ್ತರಲ್ಲಿ ಒಂದು ಬಿದ್ದರೆ ತಯಾರಿಕೆಯದ್ದು: ಬೆಸುಗೆ ಪೇಸ್ಟ್ ಕಡಿಮೆ, ಅದನ್ನು ಕರಗಿಸುವ ರಿಫ್ಲೋ ತಾಪ ಸಾಲದು, ಯಾರೋ ಬೋರ್ಡ್ ಬಾಗಿಸಿ ಮುರಿದಿದ್ದಾರೆ. ಎರಡರ ಮದ್ದೂ ಬೇರೆ ಬೇರೆ. ನನ್ನ ಕಂಟ್ರೋಲರ್ ವಿಷಯದಲ್ಲಿ ಒಂದು ವರ್ಷ ಹೊರಗಿದ್ದ ಆರು ಬೋರ್ಡ್‌ಗಳಲ್ಲಿ ನಾಲ್ಕಕ್ಕೆ ಅದೇ ಜಾಗದಲ್ಲಿ ಬೂದು ಗೆರೆ. ತಯಾರಿಕೆಯನ್ನು ಬೈಯುವ ಹಾಗಿರಲಿಲ್ಲ. ಅಷ್ಟು ಉದ್ದದ ಸೆರಾಮಿಕ್ ಭಾಗವನ್ನು ಬಿಸಿಲಿಗೆ ಕೂರುವ ಬೋರ್ಡಿಗೆ ಹಾಕಿದ್ದೇ ತಪ್ಪು. ಉದ್ದದ ಕಡೆ ಕಾಲಿರುವ ಅಗಲ ಮಾದರಿಗೆ ಬದಲಾಯಿಸಿದೆವು, ಕಾಲುಗಳ ನಡುವಿನ ದೂರ ಅರ್ಧವಾಯಿತು.

ಹೊಸ ಬೋರ್ಡ್‌ಗಳಲ್ಲೇ ಹಿಡಿಯಲು

ತಯಾರಿಕೆಯ ದೋಷವಾದರೆ ಸಾಗಿಸುವ ಮುಂಚೆ ಎಲ್ಲ ಬೋರ್ಡ್‌ಗಳನ್ನೂ ಜರಡಿ ಹಿಡಿಯಬಹುದು. ಹ್ಯಾಲ್ಟ್ ಮತ್ತು ಹ್ಯಾಸ್ ಎಂಬ ಎರಡು ಹೆಸರನ್ನು 1988ರಲ್ಲಿ ಗ್ರೆಗ್ ಹಾಬ್ಸ್ ಕೊಟ್ಟರು, ಜನ ಇವತ್ತಿಗೂ ಅದಲುಬದಲು ಮಾಡುತ್ತಾರೆ. ಹ್ಯಾಲ್ಟ್ ಎಂದರೆ ಕೆಲವೇ ಬೋರ್ಡ್‌ಗಳನ್ನು ಮುರಿಯುವವರೆಗೆ ದಂಡಿಸಿ, ವಿನ್ಯಾಸದ ಮಿತಿ ಎಲ್ಲಿದೆ ಎಂದು ತಿಳಿಯುವುದು. ಹ್ಯಾಸ್ ಎಂದರೆ ಆ ಮಿತಿಯ ಒಳಗೆ ನಿಂತು ತಯಾರಾದ ಪ್ರತಿ ಬೋರ್ಡನ್ನು ಜರಡಿ ಹಿಡಿಯುವುದು. ಮೊದಲನೆಯದನ್ನು ಮಾಡದೆ ಎರಡನೆಯದಕ್ಕೆ ಕೈಹಾಕಿದರೆ ಎಲ್ಲಿ ನಿಲ್ಲಬೇಕು ಎಂದು ಗೊತ್ತಿರುವುದಿಲ್ಲ.

ಬಿಸಿ ಚಳಿಯ ಸುತ್ತು ಎಷ್ಟು ಕೊಡಬೇಕು? ಯಾವ ಸುತ್ತಿನಲ್ಲಿ ಎಷ್ಟು ಬೋರ್ಡ್ ಬಿತ್ತು ಎಂದು ಬರೆದಿಡಿ. ಎಲ್ಲವೂ ಮೊದಲ ನಾಲ್ಕು ಸುತ್ತಿನಲ್ಲೇ ಬಿದ್ದು ಆಮೇಲೆ ಶಾಂತವಾದರೆ ಹನ್ನೆರಡು ಸುತ್ತು ದಂಡ. ಕೊನೆಯ ಸುತ್ತಿನಲ್ಲೂ ಬೀಳುತ್ತಿದ್ದರೆ ಜರಡಿ ಸಾಲದು. ಸುತ್ತು ಜಾಸ್ತಿ ಮಾಡುವುದಕ್ಕಿಂತ ತಾಪದ ಅಂತರ ಜಾಸ್ತಿ ಮಾಡುವುದು ಲಾಭ. ಬೆಸುಗೆಯ ದಣಿವು ಅಂತರದ ವರ್ಗಕ್ಕೆ ಹತ್ತಿರದಲ್ಲಿ ಏರುತ್ತದೆ. 40 ಡಿಗ್ರಿ ಅಂತರದ ಬದಲು 100 ಕೊಟ್ಟರೆ ಒಂದು ಸುತ್ತು ಸುಮಾರು ಆರು ಸುತ್ತಿನ ಕೆಲಸ ಮಾಡುತ್ತದೆ. ಇದೇ ಕಾರಣಕ್ಕೆ ಒಳ್ಳೆಯ ಬೋರ್ಡಿನ ಆಯಸ್ಸನ್ನೂ ತಿನ್ನುತ್ತದೆ. ಜರಡಿಯನ್ನು ಒಂದೇ ಬೋರ್ಡಿಗೆ ಇಪ್ಪತ್ತು ಸಲ ಕೊಟ್ಟು ನೋಡಿ. ಅದು ಇಪ್ಪತ್ತು ಸಲ ದಾಟಿದರೆ, ಒಂದು ಸಲದ ಜರಡಿ ತಿಂದ ಆಯಸ್ಸು ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದು ಒಂದು ಅಂದಾಜು ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ದೋಷ ಸಿಗದ ಪೆಟ್ಟಿಗೆ ಒಂದಿಷ್ಟು ಇರುತ್ತವೆ, ಅಲ್ವಾ. ಅವುಗಳ ಚೀಟಿಯ ಮೇಲೆ "ದೋಷ ಕಂಡುಬಂದಿಲ್ಲ" ಎಂದು ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಈಗ ಬರೆಯುವುದು ಹೀಗೆ: "−20ರಿಂದ 60 ಡಿಗ್ರಿ, 8 ಸುತ್ತು, ಓಡುತ್ತಿರುವಾಗ. 2 ಜಿ ರ್‍ಯಾಂಡಮ್, 15 ನಿಮಿಷ. 40 ಡಿಗ್ರಿ, 93 ಶೇಕಡಾ, 24 ಗಂಟೆ. 3.3 ಲೈನ್ ಮತ್ತು ರೀಸೆಟ್ ಮೇಲೆ ಕಾವಲು. ಸಿಗಲಿಲ್ಲ. ಒಳಗೆ ತಾಪ, ವೋಲ್ಟೇಜ್ ಮತ್ತು ರೀಸೆಟ್ ಕಾರಣ ಬರೆಯುವ ಲಾಗರ್ ಇಟ್ಟು ಕಳಿಸಿದೆ. ಮತ್ತೆ ನಿಂತರೆ ಆಫ್ ಮಾಡದೆ, ಕನೆಕ್ಟರ್ ಮುಟ್ಟದೆ ಫೋನ್ ಮಾಡಿ."